ತೊವ್ವೆಯಲ್ಲಿ ಮೆಣಸಿನಕಾಯಿ

ಸಾಂಟಾ ಕ್ಲಾರಾ
೯ ಫೆಬ್ರುವರಿ ೨೦೨೫

ಅಣ್ಣನಿಗೆ ನಮಸ್ಕಾರ.

ಅರ್ಧ ಗಂಟೆ ದಾರಿಯೂ ಇಲ್ಲದ ಎವರ್‌ಗ್ರೀನಿನಲ್ಲಿರುವ ಒಡಹುಟ್ಟಿದ ಅಣ್ಣನಿಗೆ ಸ್ಟಾಂಪು ಅಂಟಿಸಿ ಕಾಗದ ಬರೆಯುವವಳು ಇಡೀ ಬೇ ಏರಿಯಾದಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ? ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೆ ನಾನು ಕೂಗುತ್ತೇನೆ, ನೀನು ಅದಕ್ಕಿಂತ ಜೋರಾಗಿ ಕೂಗುತ್ತೀಯ. ವಾಟ್ಸಾಪಿನಲ್ಲಿ ಬರೆದರೆ ಒಂದು ಹೆಬ್ಬೆರಳು ತೋರಿಸಿ ತಪ್ಪಿಸಿಕೊಳ್ಳುತ್ತೀಯ. ಕಾಗದವಾದರೆ ಕೊನೆಯವರೆಗೂ ಓದಲೇಬೇಕು, ನಡುವೆ ಬಾಯಿ ಹಾಕುವ ಹಾಗಿಲ್ಲ.

ಅಮ್ಮನ ತಿಥಿ ಈ ಸಲ ಜೂನ್ ಎಂಟು, ಭಾನುವಾರ. ಶ್ರಾದ್ಧವನ್ನು ನನ್ನ ಮನೆಯಲ್ಲಿ ಬೇಡವೆಂದು ಮಠದಲ್ಲಿ ಅಡುಗೆಯವರಿಗೆ ಹೇಳಿದ್ದೀಯಂತೆ. ಮೈಥಿಲಿ ಅತ್ತಿಗೆ ಎಲ್ ಕಮಿನೋ ರಸ್ತೆಯ ಅಂಗಡಿಯಲ್ಲಿ ಸಿಕ್ಕಾಗ ಬಾಯಿ ತಪ್ಪಿ ಹೇಳಿದರು. ಅಮ್ಮ ಕೊನೆಯ ಆರು ವರ್ಷ ಇದ್ದದ್ದು ಈ ಮನೆಯಲ್ಲಿ. ಪ್ರಾಣ ಬಿಟ್ಟದ್ದು ಇಲ್ಲಿಯೇ. ಅವಳಿಗೆ ಎಲೆ ಹಾಕುವುದು ಇನ್ನೆಲ್ಲೋ ಯಾಕೆ?

ಯಾಕೆ ಎಂದು ನನಗೆ ಗೊತ್ತು. ಹೋದ ವರ್ಷ ಅತ್ತಿಗೆಯ ಮಣಿಕಟ್ಟು ಮುರಿದಿತ್ತು, ಶ್ರಾದ್ಧದ ಅಡುಗೆ ನಾನು ಮಾಡಿದೆ. ಒದ್ದೆ ಸೀರೆ ಉಟ್ಟು ಬೆಳಿಗ್ಗೆಯಿಂದ ಮಡಿಯಲ್ಲಿ ನಿಂತು ಎಲ್ಲವನ್ನೂ ಕರಿಮೆಣಸಿನಲ್ಲೇ ಮಾಡಿದ್ದೆ. ಕೊನೆಗೆ ತೊವ್ವೆಗೆ ಒಗ್ಗರಣೆ ಹಾಕುವಾಗ ತುಪ್ಪ ಕಾಯಿತು, ಸಾಸಿವೆ ಸಿಡಿಯಿತು, ಕೈ ತಾನಾಗಿ ಡಬ್ಬಿಗೆ ಹೋಗಿ ಎರಡು ಬ್ಯಾಡಗಿ ಮೆಣಸಿನಕಾಯಿ ಮುರಿದು ಹಾಕಿಬಿಟ್ಟಿತು. ಮೂವತ್ತು ವರ್ಷದ ಅಭ್ಯಾಸದ ಕೈ, ತಿಥಿ ನೋಡುತ್ತದೆಯೇ? ಪಿತೃಗಳ ಸ್ಥಾನದಲ್ಲಿ ಕೂತ ಆಚಾರ್ಯರ ಊಟ ಮುಗಿಯಿತು, ನೀನು ಕೂತೆ, ನಿನ್ನ ಎಲೆಗೆ ಒಂದು ತುಂಡು ಬಂತು. ನೀನು ಅದನ್ನು ಸತ್ತ ಹಲ್ಲಿಯ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದು ಎದ್ದುಬಿಟ್ಟೆ. ಎಲ್ಲರ ಮುಂದೆ ಏನು ಹೇಳಿದೆ, ನೆನಪಿದೆಯೇ? "ಅಮ್ಮ ಹಸ್ಕೊಂಡೇ ಹೋದಳು ಕಣೇ" ಎಂದೆ.

ಅಣ್ಣಾ, ನಾನು ಕಾಲೇಜಿನಲ್ಲಿ ಯೂರೋಪಿನ ಇತಿಹಾಸ ಪಾಠ ಹೇಳುವವಳು. ಸತ್ತವರು ಊಟಕ್ಕೆ ಬರುತ್ತಾರೆಂದು ನಂಬುತ್ತೀಯಾ ಎಂದು ನನ್ನ ಮಗ ಸುಘೋಷ ಕೇಳಿದರೆ ಉತ್ತರ ಹೇಳಲು ತಡವರಿಸುತ್ತೇನೆ. ಆದರೂ ಅವತ್ತಿನಿಂದ ತಟ್ಟೆಯ ಮುಂದೆ ಕೂತರೆ ನಿನ್ನ ಮಾತೇ ಕೇಳಿಸುತ್ತದೆ. ಆರು ವರ್ಷ ಅವಳಿಗೆ ಅನ್ನ ಕಲಸಿ ಕೊಟ್ಟ ಕೈ ಇದು. ಆ ಮಾತನ್ನು ವಾಪಸ್ಸು ತಗೋ. ಅಥವಾ ಇನ್ನೊಂದು ಸಲ ನನ್ನ ಕೈಯಿಂದ ಅವಳಿಗೆ ಬಡಿಸಲು ಬಿಡು.

ನಿನ್ನ ತಂಗಿ
ನಿರುಪಮಾ


ಎವರ್‌ಗ್ರೀನ್
೨೩ ಫೆಬ್ರುವರಿ ೨೦೨೫

ಚಿ. ಸೌ. ನಿರುಪಮಾಳಿಗೆ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಮೈಥಿಲಿಯ ಕೈ ಸರಿಹೋಗಿದೆ.

ಕಾಗದ ತಲುಪಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವಾಪಸ್ಸು ತಗೊಳ್ಳಲು ಅದು ಅಂಗಡಿಯಿಂದ ತಂದ ಶರ್ಟು ಅಲ್ಲ. ನಾನು ಮೂವತ್ತೆರಡು ವರ್ಷ ಕಂಪ್ಯೂಟರ್ ಚಿಪ್ಪುಗಳಲ್ಲಿ ತಪ್ಪು ಹುಡುಕುವ ಕೆಲಸ ಮಾಡಿದವನು. ಒಂದು ಸಣ್ಣ ಗೆರೆ ತಪ್ಪಿದ್ದರೂ ಇಡೀ ತಯಾರಿ ತಿಪ್ಪೆಗೆ ಹೋಗುತ್ತದೆ. ಬಾಕಿ ಎಲ್ಲಾ ಸರಿಯಿತ್ತಲ್ಲ ಎಂದರೆ ಚಿಪ್ಪು ಕೇಳುವುದಿಲ್ಲ. ಶ್ರಾದ್ಧವೂ ಹಾಗೆಯೇ. ಮೆಣಸಿನಕಾಯಿ ನಿಷಿದ್ಧ ಎಂದ ಮೇಲೆ ನಿಷಿದ್ಧ.

ಮಠದಲ್ಲಿ ಹೇಳಿಯಾಗಿದೆ. ನೀನೂ, ನಿನ್ನ ಯಜಮಾನರೂ, ಸುಘೋಷನೂ ಅಲ್ಲಿಗೇ ಬರುವುದು.

ಒಂದು ಪ್ರಶ್ನೆ. ಇದು ರಾಜಿ ಎಂದು ತಿಳಿಯಬೇಡ, ಬರೀ ಕುತೂಹಲ. ಅಡುಗೆಯವರಿಗೆ ಏನೇನು ಹಾಕಬಾರದು ಎಂದು ಹೇಳುತ್ತಿದ್ದೆ: ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಹುರುಳಿಕಾಯಿ, ಎಲೆಕೋಸು. ಆ ಹುಡುಗ "ಯಾಕೆ ಸಾರ್ ಇವೇ?" ಎಂದ. ಸಂಪ್ರದಾಯ ಎಂದೆ. ಮನೆಗೆ ಬಂದ ಮೇಲೆ ನನಗೂ ಅನ್ನಿಸಿತು, ಇವೇ ಯಾಕೆ? ಬದನೆಕಾಯಿಯೂ ಟೊಮೆಟೊವೂ ಒಂದೇ ಜಾತಿಯ ಗಿಡ ಎನ್ನುತ್ತಾರೆ. ಒಂದನ್ನು ಒಳಗೆ ಬಿಟ್ಟು ಒಂದನ್ನು ಹೊರಗೆ ನಿಲ್ಲಿಸಿದ್ದು ಯಾವ ಲೆಕ್ಕ? ನಿನಗೆ ಗೊತ್ತಿದ್ದರೆ ಬರೆ.

ಇಂತಿ ಆಶೀರ್ವಾದಗಳೊಂದಿಗೆ
ಆನಂದತೀರ್ಥ


ಸಾಂಟಾ ಕ್ಲಾರಾ
೧೫ ಮಾರ್ಚ್ ೨೦೨೫

ಅಣ್ಣನಿಗೆ ನಮಸ್ಕಾರ.

ಅಬ್ಬಾ! ನೀನು "ಯಾಕೆ" ಎಂದು ಕೇಳಿದೆ. ಈ ಕಾಗದವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತಗುಲಿಸಬೇಕು.

ನೀನು ಬರೆದ ಆ ಐದನ್ನು ಇನ್ನೊಮ್ಮೆ ನೋಡು. ಐದೂ ಹಡಗು ಹತ್ತಿ ಬಂದವು. ಐನೂರೈವತ್ತು ವರ್ಷದ ಹಿಂದೆ ನಮ್ಮ ದೇಶದಲ್ಲಿ ಒಂದೇ ಒಂದು ಮೆಣಸಿನಕಾಯಿ ಗಿಡ ಇರಲಿಲ್ಲ. ಟೊಮೆಟೊ ಇಲ್ಲ, ಆಲೂಗಡ್ಡೆ ಇಲ್ಲ, ಹುರುಳಿಕಾಯಿ ಇಲ್ಲ. ಅವೆಲ್ಲ ಬೆಳೆಯುತ್ತಿದ್ದದ್ದು ನಾವೀಗ ಮನೆ ಕಟ್ಟಿಕೊಂಡು ಕೂತಿರುವ ಈ ಅಮೆರಿಕ ಖಂಡದಲ್ಲಿ. ಎಲೆಕೋಸು ಯೂರೋಪಿನದು. ಬದನೆಕಾಯಿ ನಮ್ಮದೇ, ಅದಕ್ಕೇ ಅದಕ್ಕೆ ಪ್ರವೇಶ. ಪೋರ್ಚುಗೀಸರು ಆಫ್ರಿಕಾ ಸುತ್ತಿಕೊಂಡು ನಮ್ಮ ಕರಾವಳಿಗೆ ಬಂದದ್ದು ಕರಿಮೆಣಸಿಗಾಗಿ. ಗೇರುಸೊಪ್ಪೆಯ ರಾಣಿಯನ್ನು ಅವರು ಮೆಣಸಿನ ರಾಣಿ ಎಂದೇ ಕರೆದರು. ಆ ಮೆಣಸಿನ ಆಸೆಗೆ ಕೋಟೆಗಳು ಎದ್ದವು, ಕೆಳದಿಯವರು ಅವಳ ರಾಜ್ಯವನ್ನೇ ನುಂಗಿ ದೊಡ್ಡವರಾದರು. ಕರಿಮೆಣಸು ಕೊಳ್ಳಲು ಬಂದವರು ಮೆಣಸಿನಕಾಯಿ ಬಿಟ್ಟುಹೋದರು. ಹಿತ್ತಿಲಲ್ಲಿ ಎರಚಿದರೆ ಬೆಳೆಯುತ್ತದೆ, ಬಡವನಿಗೂ ಸಿಗುತ್ತದೆ. ನೋಡನೋಡುತ್ತ ಊರೆಲ್ಲ ಖಾರವಾಯಿತು. ಶ್ರಾದ್ಧದ ಅಡುಗೆಮನೆ ಮಾತ್ರ ಹಡಗು ಬರುವ ಹಿಂದಿನ ದಿನದಲ್ಲೇ ನಿಂತಿದೆ.

ಇದು ಹೊಳೆದಾಗ ನನಗೆ ರೋಮಾಂಚನವಾಯಿತು, ಸುಳ್ಳು ಹೇಳುವುದಿಲ್ಲ. ಯಾವ ಮ್ಯೂಸಿಯಮ್ಮಿನಲ್ಲೂ ಇಲ್ಲದ್ದನ್ನು ನಮ್ಮ ಹೆಂಗಸರು ಒದ್ದೆ ಸೀರೆಯಲ್ಲಿ ನಿಂತು ಉಳಿಸಿಕೊಂಡು ಬಂದಿದ್ದಾರೆ. ಸುಘೋಷನಿಗೆ ಹೇಳಿದೆ. ಅವನು ಅರ್ಧ ಇಂಗ್ಲಿಷಿನಲ್ಲಿ, "ಅಂದ್ರೆ ಅಜ್ಜಿಗೆ ಚಿಲ್ಲಿ ಇಲ್ಲ, ಬಿಕಾಸ್ ಆಫ್ ಕೊಲಂಬಸ್?" ಎಂದು ನಕ್ಕ.

ಊಟದಿಂದ ಜಗಳ ಹುಟ್ಟುವುದು ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಡ. ಈ ಹಡಗುಗಳ ಕಾಲದಲ್ಲೇ ಜ್ಯೂರಿಕ್ ಊರಿನಲ್ಲಿ ಅಚ್ಚುಕೂಟದ ಯಜಮಾನನೊಬ್ಬ ಉಪವಾಸದ ದಿನಗಳಲ್ಲಿ ತನ್ನ ಕೆಲಸದವರಿಗೆ ಮಾಂಸದ ಸಾಸೇಜು ಬಡಿಸಿದ. ಹಗಲೆಲ್ಲ ದುಡಿಯುವವರು ಗಂಜಿಯಲ್ಲಿ ಬದುಕುವುದು ಹೇಗೆ ಎಂದು ಅವನ ವಾದ. ಊರು ಎರಡು ಪಾಲಾಯಿತು, ಪಾದ್ರಿಗಳು ಕಚ್ಚಾಡಿದರು, ಕೆಲವೇ ವರ್ಷಗಳಲ್ಲಿ ಅಲ್ಲಿಯ ಚರ್ಚು ರೋಮಿನಿಂದ ಬೇರೆಯಾಯಿತು. ಅವರು ಧರ್ಮವನ್ನೇ ಒಡೆದರು, ನಾವು ಒಂದು ಮನೆಯನ್ನಷ್ಟೇ ಒಡೆದಿದ್ದೇವೆ.

ಈಗ ನನ್ನ ಎರಡು ಮಾತು ಕೇಳು. ಒಂದು: ಮೆಣಸಿನಕಾಯಿ ಪಾಪದ ವಸ್ತು ಎಂದು ಯಾರೂ ಹೇಳಿಲ್ಲ. ಹಿರಿಯರಿಗೆ ಅವರು ತಿಂದು ಬಲ್ಲ ಊಟ ಬಡಿಸು ಎನ್ನುವ ಅಕ್ಕರೆ ಅದು. ಹಾಗಾದರೆ ಅಮ್ಮ ತಿಂದು ಬಲ್ಲ ಊಟ ಯಾವುದು? ಟೊಮೆಟೊ ಗೊಜ್ಜು ಇಲ್ಲದೆ ದೋಸೆ ಮುಟ್ಟದವಳು ಅವಳು. ಎರಡು: ನೀನು ಪ್ರತಿ ವರ್ಷ ಶ್ರಾದ್ಧದಲ್ಲಿ ಎರಡೆರಡು ಸಲ ಬಡಿಸಿಕೊಳ್ಳುವ ಗೆಣಸಿನ ಪಲ್ಯ, ಪಾಯಸದ ಗೋಡಂಬಿ, ಅವೂ ಅದೇ ಹಡಗಿನಲ್ಲಿ ಬಂದವು ಕಣೋ. ಯಾರೋ ಒಬ್ಬ ಮುತ್ತಜ್ಜಿ ಬಾಗಿಲು ತೆಗೆದು ಒಳಗೆ ಕರೆದುಕೊಂಡಿದ್ದಾಳೆ. ಅದನ್ನು ಚಪ್ಪರಿಸಿ, ಮೆಣಸಿನಕಾಯಿಗೆ ಎದ್ದುಹೋಗುವುದು ಯಾವ ನ್ಯಾಯ?

ಉತ್ತರ ಬರೆ. ಹೆಬ್ಬೆರಳು ಬೇಡ.

ನಿರುಪಮಾ


ಎವರ್‌ಗ್ರೀನ್
೬ ಏಪ್ರಿಲ್ ೨೦೨೫

ಚಿ. ಸೌ. ನಿರುಪಮಾಳಿಗೆ ಆಶೀರ್ವಾದಗಳು.

ನೀನು ಬರೆದದ್ದನ್ನು ನಂಬಲಿಲ್ಲ. ಲೈಬ್ರರಿಗೆ ಹೋಗಿ ಪುಸ್ತಕ ತಂದು ಪರೀಕ್ಷೆ ಮಾಡಿದೆ. ನೀನು ಹೇಳಿದ್ದು ಸರಿ. ಮೂರು ವಾರದಿಂದ ನನಗೆ ಇದೇ ಹುಚ್ಚು. ಮೈಥಿಲಿ ಗ್ರೋಸರಿಗೆ ಕರೆದುಕೊಂಡು ಹೋದರೆ ಒಂದೊಂದು ತರಕಾರಿ ಮುಂದೆ ನಿಂತು ಇದು ಯಾವ ದಾರಿಯಲ್ಲಿ ಬಂತು ಎಂದು ಹುಡುಕುತ್ತೇನೆ. ಸೀಬೆಹಣ್ಣು, ಪರಂಗಿಹಣ್ಣು, ಕಡಲೆಕಾಯಿ ಎಲ್ಲವೂ ಹಡಗಿನವು. ಏಕಾದಶಿ ದಿನ ಕೆಲವರು ಫಲಾಹಾರ ಎಂದು ತಿನ್ನುವ ಸಬ್ಬಕ್ಕಿಯೂ ಹಾಗೆಯೇ! ಇಷ್ಟು ವರ್ಷ ಇದು ಗೊತ್ತಿಲ್ಲದೆ ಹೇಗಿದ್ದೆ ಎಂದು ಆಶ್ಚರ್ಯವಾಯಿತು. ಇದಕ್ಕೆ ನಿನಗೆ ಥ್ಯಾಂಕ್ಸು ಹೇಳಬೇಕು.

ನಮ್ಮ ಮನೆಯ ಶ್ರಾದ್ಧದಲ್ಲಿ ಇದ್ದ ದೋಷವನ್ನು ನೀನೇ ಹಿಡಿದುಕೊಟ್ಟೆ. ಆದ್ದರಿಂದ ಈ ವರ್ಷದಿಂದ ಗೆಣಸೂ ಬೇಡ, ಗೋಡಂಬಿಯೂ ಬೇಡ ಎಂದು ತೀರ್ಮಾನಿಸಿದ್ದೇನೆ. ಮಠದ ಅಡುಗೆಯವರಿಗೆ ಹೇಳಿಯೂ ಆಯಿತು. ಆಚಾರ್ಯರನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತೇನೆ.

ಅಮ್ಮನ ರುಚಿಯ ಮಾತು ಬರೆದಿದ್ದೀಯ. ಅಲ್ಲಿ ನೀನು ಒಂದು ವಿಷಯ ಮರೆತಿದ್ದೀಯ. ತಾಯಿಯ ಶ್ರಾದ್ಧಕ್ಕೆ ತಾಯಿ ಒಬ್ಬಳೇ ಬರುವುದಿಲ್ಲ. ಅವಳ ಜೊತೆ ನಮ್ಮ ಅಜ್ಜಿ, ಅಂದರೆ ಅವಳ ಅತ್ತೆ, ಬರುತ್ತಾರೆ. ಅಜ್ಜಿಯ ಜೊತೆ ಅವರ ಅತ್ತೆ, ಮುತ್ತಜ್ಜಿ, ಬರುತ್ತಾರೆ. ಮೂರು ಪಿಂಡ ಇಡುವುದು ಅದಕ್ಕೇ. ಮನೆಗೆ ಮೂವರು ಬಂದರೆ ಒಬ್ಬಳ ಬಾಯಿರುಚಿಗೆ ಅಡುಗೆ ಮಾಡುತ್ತಾರೆಯೇ? ಅಜ್ಜಿ ಟೊಮೆಟೊ ಮನೆಯೊಳಗೆ ತರಲು ಬಿಟ್ಟವರಲ್ಲ, ನಿನಗೂ ನೆನಪಿರಬೇಕು. ದೊಡ್ಡವರ ಪಂಕ್ತಿಯಲ್ಲಿ ಕೂತ ಮೇಲೆ ಅಮ್ಮನೂ ಅದನ್ನೇ ಉಣ್ಣಬೇಕು.

ಆಶೀರ್ವಾದಗಳೊಂದಿಗೆ
ಆನಂದತೀರ್ಥ


ಸಾಂಟಾ ಕ್ಲಾರಾ
೧೯ ಏಪ್ರಿಲ್ ೨೦೨೫

ಅಣ್ಣಾ,

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು ನನ್ನ ಕಥೆ. ಮೆಣಸಿನಕಾಯಿಗೆ ಬಾಗಿಲು ತೆರೆಸೋಣ ಎಂದು ಇತಿಹಾಸ ಹೇಳಿದರೆ ನೀನು ಗೆಣಸನ್ನೂ ಹೊರಗೆ ಹಾಕಿದೆಯಾ? ನಿನಗೆ ಪಾಠ ಹೇಳಿದ ನನ್ನ ಬಾಯಿಗೆ ಮಣ್ಣು ಹಾಕಬೇಕು.

ನಿನ್ನ ಮೂವರ ಮಾತು ಓದಿ ಮೊದಲು ನಗು ಬಂತು. ಆಮೇಲೆ ಅಳು ಬಂತು, ಅದನ್ನೂ ಬರೆಯುತ್ತೇನೆ. ಅಮ್ಮ ಹದಿನೇಳಕ್ಕೆ ಮದುವೆಯಾಗಿ ಮೈಸೂರಿನ ಆ ಮನೆಗೆ ಬಂದಳು. ಮುತ್ತಜ್ಜಿ ಹಾಸಿಗೆ ಹಿಡಿದಾಗ ಬಾಯಿಗೆ ಗಂಜಿ ಹಾಕಿದವಳು ಅವಳು. ಅಜ್ಜಿಗೆ ಹೊತ್ತು ಹೊತ್ತಿಗೆ ಮಡಿಯಲ್ಲಿ ಮಾಡಿ ಹಾಕಿದವಳು ಅವಳು. ಅಪ್ಪನದು, ನಮ್ಮದು, ಬಂದವರದು ಎಲ್ಲಾ ಆದ ಮೇಲೆ ಮಧ್ಯಾಹ್ನ ಮೂರಕ್ಕೆ ತಣ್ಣಗಾದ ಅನ್ನಕ್ಕೆ ತಳದ ಸಾರು ಹಾಕಿಕೊಂಡು ಅಡುಗೆಮನೆಯ ಮೂಲೆಯಲ್ಲಿ ಕೂರುತ್ತಿದ್ದಳು. ಅಮ್ಮ ಬಿಸಿ ಅನ್ನ ಉಂಡದ್ದನ್ನು ನೀನು ಆ ಮನೆಯಲ್ಲಿ ಒಂದು ದಿನವಾದರೂ ನೋಡಿದ್ದೀಯಾ?

ನಾನು ನೋಡಿದ್ದು ಇಲ್ಲಿ. ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ನಮ್ಮ ಪಕ್ಕದ ಮನೆಯ ಮಿಸೆಸ್ ಸಿಲ್ವೇರಾ ಇದ್ದಾರಲ್ಲ, ಅವರು ಪೋರ್ಚುಗೀಸರು. ಅಟ್ಲಾಂಟಿಕ್ ಸಮುದ್ರದ ನಡುವಿನ ಯಾವುದೋ ದ್ವೀಪದವರು. ಅಮ್ಮನಿಗೆ ಇಂಗ್ಲಿಷ್ ಬಾರದು, ಅವರಿಗೂ ಅಷ್ಟಕ್ಕಷ್ಟೇ. ಇಬ್ಬರೂ ಬೇಲಿಯ ಆಚೀಚೆ ಕುರ್ಚಿ ಹಾಕಿಕೊಂಡು ತಮ್ಮ ತಮ್ಮ ಭಾಷೆಯಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅಮ್ಮ ಅವರಿಗೆ ಕರಿಬೇವಿನ ಗಿಡ ಕೊಟ್ಟಳು. ಅವರು ಪ್ರತಿ ವರ್ಷ ಕೆಂಪು ಮೆಣಸಿನಕಾಯಿಯನ್ನು ಉಪ್ಪು ಹಾಕಿ ರುಬ್ಬಿ ಬಾಟಲಿಯಲ್ಲಿ ತುಂಬಿಡುತ್ತಾರೆ, ಅದರಲ್ಲಿ ಒಂದು ಅಮ್ಮನಿಗೆ. ಮೊಸರನ್ನಕ್ಕೆ ಅದನ್ನು ನಂಚಿಕೊಂಡು ಅಮ್ಮ "ಸ್ ಸ್" ಎಂದು ಕಣ್ಣಲ್ಲಿ ನೀರು ಹಾಕಿಕೊಂಡು ನಗುತ್ತಿದ್ದಳು. "ಆನಂದಂಗೆ ಹೇಳ್ಬೇಡ್ವೇ, ಬೈತಾನೆ" ಎನ್ನುತ್ತಿದ್ದಳು. ಎಂಬತ್ತು ದಾಟಿದ ಹೆಂಗಸು, ಮಗನಿಗೆ ಹೆದರಿ!

ಬಿಸಿಯಾಗಿ, ಮೊದಲಿಗೆ, ತನಗೆ ಬೇಕಾದದ್ದನ್ನು ಕೇಳಿ ಅವಳು ಉಂಡದ್ದು ಆರೇ ವರ್ಷ. ಈಗ ಸತ್ತ ಮೇಲೂ ಅತ್ತೆಯ ಪಕ್ಕ, ಅತ್ತೆಯ ಅತ್ತೆಯ ಪಕ್ಕ ಕೂತು, ಅವರು ಒಪ್ಪಿದ್ದನ್ನೇ ಉಣ್ಣಬೇಕು ಎನ್ನುತ್ತೀಯ. ನಿನ್ನ ಶಾಸ್ತ್ರ ಸರಿಯೇ ಇರಬಹುದು. ನನಗೆ ಹೊಟ್ಟೆ ಉರಿಯುತ್ತದೆ, ಅಷ್ಟೇ.

ಮಠಕ್ಕೆ ನಾನು ಬರುವುದಿಲ್ಲ.

ನಿರುಪಮಾ


ಎವರ್‌ಗ್ರೀನ್
೪ ಮೇ ೨೦೨೫

ಪ್ರೀತಿಯ ನಿರು,

ನಾನು ಕಾಗದ ಬರೆದು ಎಷ್ಟು ಕಾಲವಾಯಿತೋ, ಅಕ್ಷರ ಓಡುತ್ತಿಲ್ಲ. ಅಣ್ಣ ತಂಗಿಯ ನಡುವೆ ಬಾಯಿ ಹಾಕಬಾರದೆಂದು ಸುಮ್ಮನಿದ್ದೆ. ಆದರೆ ನಿನ್ನ ಹೋದ ಕಾಗದ ಬಂದ ಮೇಲೆ ನಿಮ್ಮಣ್ಣ ಮೊದಲಿನ ಹಾಗಿಲ್ಲ. ಓದಿದರು, ಮಡಿಸಿದರು, ವಾಕಿಂಗ್ ಹೋಗುತ್ತೇನೆಂದು ಹೋದವರು ಗುಡ್ಡದ ಮೇಲಿನ ಪಾರ್ಕಿನಲ್ಲಿ ಕೂತೇ ಇದ್ದರು. ನಾನೇ ಹೋಗಿ ಕರೆದುಕೊಂಡು ಬಂದೆ.

ಮೊನ್ನೆ ಊಟಕ್ಕೆ ಕೂತಾಗ ಇದ್ದಕ್ಕಿದ್ದ ಹಾಗೆ, "ಮೈಥಿಲಿ, ನಮ್ಮಮ್ಮ ಬಿಸಿ ಅನ್ನ ಉಣ್ತಿದ್ದದ್ದು ನೀನೇನಾದ್ರೂ ನೋಡಿದ್ಯಾ?" ಎಂದರು.

"ನಾನು ಉಣ್ಣೋದನ್ನ ನೀವು ನೋಡಿದೀರಾ?" ಎಂದೆ.

ಬಡಿಸಿಕೊಂಡಿದ್ದ ತಟ್ಟೆಯನ್ನು ನನ್ನ ಕಡೆ ಸರಿಸಿ ಎದ್ದು ಹೋಗಿ ಸೌಟು ತಂದರು. ಮದುವೆಯಾಗಿ ಮೂವತ್ತೆಂಟು ವರ್ಷಕ್ಕೆ ನಿಮ್ಮಣ್ಣ ನನಗೆ ಮೊದಲ ಸಲ ಬಡಿಸಿದರು. ಅರ್ಧ ಸಾರು ಮೇಜಿನ ಮೇಲೆ ಚೆಲ್ಲಿದರು ಅನ್ನು.

ನಾಳೆ ಆಚಾರ್ಯರನ್ನು ನೋಡಲು ಹೋಗುತ್ತಾರಂತೆ. ಗೆಣಸಿನ ವಿಷಯ ಕೇಳಲಿಕ್ಕೆ ಎನ್ನುತ್ತಿದ್ದಾರೆ. ಸ್ವಲ್ಪ ತಾಳ್ಮೆ ತಗೋ. ನಾನು ಬರೆದೆ ಎಂದು ಹೇಳಬೇಡ.

ನಿನ್ನ ಅತ್ತಿಗೆ
ಮೈಥಿಲಿ


ಎವರ್‌ಗ್ರೀನ್
೧೮ ಮೇ ೨೦೨೫

ಚಿ. ಸೌ. ನಿರುಪಮಾಳಿಗೆ ಆಶೀರ್ವಾದಗಳು.

ಬರೆಯಲು ತಡವಾಯಿತು. ಆಚಾರ್ಯರನ್ನು ನೋಡಿ ಬಂದೆ. ಗೆಣಸು, ಗೋಡಂಬಿ ಎರಡೂ ಪರದೇಶದಿಂದ ಬಂದವು, ಆದ್ದರಿಂದ ಬಿಡಬೇಕಲ್ಲವೇ ಎಂದು ಆಧಾರಸಹಿತ ಹೇಳಿದೆ. ನೀನು ಬರೆದ ಪೋರ್ಚುಗೀಸರ ಕಥೆಯನ್ನೆಲ್ಲ ಹೇಳಿದೆ. ಅವರು ಬಹಳ ಆಸಕ್ತಿಯಿಂದ ಕೇಳಿದರು. ಕೊನೆಗೆ ನಕ್ಕುಬಿಟ್ಟರು.

"ಆನಂದತೀರ್ಥರೇ, ಅಮೆರಿಕದ ನೆಲದಲ್ಲಿ ಕೂತು ಅಮೆರಿಕದ ಗೆಣಸು ಪರದೇಶದ್ದು ಅಂತೀರಲ್ಲ! ಇಲ್ಲಿ ಪರದೇಶದವರು ನಾವು. ನಿಮ್ಮ ಮನೇಲಿ ತಲೆತಲಾಂತರದಿಂದ ನಡೆದು ಬಂದಿದೆ, ಬಡಿಸಲಿ ಬಿಡಿ" ಎಂದರು.

ಹಾಗಾದರೆ ಹೋದ ವರ್ಷದ ಮೆಣಸಿನಕಾಯಿ ಎಂದೆ. ನಿನ್ನ ಹೆಸರು ಹೇಳಲಿಲ್ಲ. "ಆ ಮೆಣಸಿನಕಾಯಿ ಮೊದಲು ಬಂದಿದ್ದು ನಿಮ್ಮ ಎಲೆಗಲ್ಲ, ನನ್ನ ಎಲೆಗೆ" ಎಂದರು. ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಶ್ರಾದ್ಧದ ಎಲೆ ಮುಂದೆ ಕೂತವನು ಅಡುಗೆಯ ಗುಣ ದೋಷ ಆಡಬಾರದು. ಊಟ ಬಿಸಿ ಇರೋವರೆಗೆ, ಉಣ್ಣೋವ್ನು ಬಾಯಿ ಮುಚ್ಕೊಂಡು ಉಣ್ಣೋವರೆಗೆ ಪಿತೃಗಳು ಉಣ್ತಾರೆ. ನಾನು ಪಕ್ಕಕ್ಕೆ ತಳ್ಳಿ ಸುಮ್ಮನೆ ಉಂಡೆ. ತೃಪ್ತಿಯಾಯ್ತಾ ಅಂತ ನೀವು ಕೇಳಿದ್ರಿ, ತೃಪ್ತಿಯಾಯ್ತು ಅಂತ ನಾನು ಹೇಳಿದೆ. ಆಮೇಲೆ ನೀವು ಕೂತು ಮಾತಾಡಿದ್ರಿ" ಎಂದರು. ಅಷ್ಟು ಹೇಳಿ ಕಾಫಿ ತರಿಸಿದರು.

ದಾರಿಯಲ್ಲಿ ಫ್ರೀವೇ ಎಕ್ಸಿಟ್ಟು ತಪ್ಪಿಸಿಕೊಂಡು ಮಿಲ್ಪಿಟಾಸ್ ತನಕ ಹೋಗಿಬಿಟ್ಟೆ.

ಮಠದಲ್ಲಿ ಬೇಡವೆಂದು ಹೇಳಿದ್ದೇನೆ. ಜೂನ್ ಎಂಟಕ್ಕೆ ನಿನ್ನ ಮನೆಗೇ ಬರುತ್ತೇವೆ, ಅಡುಗೆ ನೀನೇ ಮಾಡು. ಮೈಥಿಲಿ ಜೊತೆಗೆ ನಿಲ್ಲುತ್ತಾಳೆ. ಗೆಣಸು ಇರಲಿ. ಆದರೆ ಮೆಣಸಿನಕಾಯಿ, ಟೊಮೆಟೊ ಅವತ್ತು ಇಲ್ಲ. ಮೂವರ ಪಂಕ್ತಿಗೆ ಒಂದೇ ಅಡುಗೆ, ಅದರಲ್ಲಿ ಬದಲಾವಣೆ ನನ್ನ ಕೈಲಿ ಆಗುವುದಿಲ್ಲ. ನಿನಗೆ ಹೇಳಬೇಕಾದ ಇನ್ನೊಂದು ಮಾತಿದೆ. ಅದನ್ನು ಮುಖ ನೋಡಿ ಹೇಳುತ್ತೇನೆ.

ಆನಂದತೀರ್ಥ


ಸಾಂಟಾ ಕ್ಲಾರಾ
೨೬ ಮೇ ೨೦೨೫

ಅಣ್ಣನಿಗೆ ನಮಸ್ಕಾರ.

ಕಾಗದ ಓದಿ ಅಡುಗೆಮನೆಯಲ್ಲಿ ನಿಂತೇ ಅತ್ತೆ. ಸುಘೋಷ ಗಾಬರಿಯಾಗಿ ಏನಾಯಿತು ಎಂದು ಕೇಳಿದ. ನಿಮ್ಮ ಮಾವ ಮನೆಗೆ ಬರುತ್ತಾನೆ ಎಂದೆ. ಅದಕ್ಕೆ ಅಳುವುದು ಯಾಕೆ ಎಂದು ಅವನಿಗೆ ಅರ್ಥವಾಗಲಿಲ್ಲ.

ಮೆಣಸಿನಕಾಯಿ ಡಬ್ಬಿಯನ್ನು ಈಗಲೇ ಸುಘೋಷನ ಕಾರಿನ ಡಿಕ್ಕಿಯಲ್ಲಿ ಇಡಿಸಿದ್ದೇನೆ. ಅವತ್ತು ಅತ್ತಿಗೆ ಒಗ್ಗರಣೆ ಹೊತ್ತಿಗೆ ನನ್ನ ಬಲಗೈ ಹಿಡಿದುಕೊಂಡು ನಿಲ್ಲಬೇಕು. ತೊವ್ವೆಯನ್ನು ಎಡಗೈಯಲ್ಲಿ ಮುಗಿಸುತ್ತೇನೆ ಎಂದು ಹೆದರಬೇಡ, ತಮಾಷೆಗೆ ಹೇಳಿದೆ.

ಮೂವರ ಅಡುಗೆ ಮಾಡುತ್ತೇನೆ. ಅಜ್ಜಿಗೂ ಮುತ್ತಜ್ಜಿಗೂ ನನ್ನ ಮೇಲೆ ಹಕ್ಕಿದೆ, ಇಲ್ಲವೆನ್ನುವುದಿಲ್ಲ. ಅಮ್ಮನಿಗೆ ಬೇಕಾದದ್ದನ್ನು ಕೇಳಿ ಜಗಳ ತೆಗೆಯುವುದಿಲ್ಲ. ಆದರೆ ಅವಳ ಮುಂದೆ ಆ ಸಪ್ಪೆ ಸಾರು ಬಡಿಸುವಾಗ ನನಗೆ ಆ ಮೆಣಸಿನಕಾಯಿ ಬಾಟಲಿಯೇ ನೆನಪಾಗುತ್ತದೆ. ಅದು ನಿನಗೆ ತಿಳಿದಿರಲಿ ಎಂದು ಬರೆದೆ.

ದಾರಿ ವಿಷಯ: ಅದೇ ಭಾನುವಾರ ಮಿಸೆಸ್ ಸಿಲ್ವೇರಾ ಅವರ ಪೋರ್ಚುಗೀಸ್ ಸಭಾಭವನದಲ್ಲಿ ಹಬ್ಬ. ಕಿರೀಟ ಇಟ್ಟುಕೊಂಡ ಹುಡುಗಿಯರು, ಬ್ಯಾಂಡು, ಮೆರವಣಿಗೆ. ಹಿಂದೆ ಅವರ ನಾಡಿನ ರಾಣಿಯೊಬ್ಬಳು ಬರಗಾಲದಲ್ಲಿ ಬಡವರಿಗೆ ಅನ್ನ ಹಾಕಿದಳಂತೆ, ಅದರ ನೆನಪಿಗೆ ಅವತ್ತು ಬಂದವರಿಗೆಲ್ಲ ಪುಕ್ಕಟೆ ಊಟ. ರಸ್ತೆ ಮುಚ್ಚಿರುತ್ತಾರೆ. ಆಚಾರ್ಯರಿಗೂ ಹೇಳಿ ಹಿಂದಿನ ರಸ್ತೆಯಿಂದ ಬಾ. ಹೊತ್ತು ಮೀರಿದರೆ ಮತ್ತೆ ನನ್ನ ತಲೆಗೆ ಕಟ್ಟುತ್ತೀಯ.

ಅಡುಗೆಮನೆಯಲ್ಲಿ ಕಾಯುತ್ತಿರುವ
ನಿರುಪಮಾ


ಸಾಂಟಾ ಕ್ಲಾರಾ, ನಿನ್ನ ಊಟದ ಮೇಜು
೮ ಜೂನ್ ೨೦೨೫, ಸಂಜೆ

ನಿರು,

ನೀನು ಆಚಾರ್ಯರನ್ನು ಕಳಿಸಲು ಹೊರಗೆ ಹೋಗಿದ್ದೀಯ. ಸುಘೋಷನ ಹತ್ತಿರ ಹಾಳೆ ಈಸಿಕೊಂಡು ಬರೆಯುತ್ತಿದ್ದೇನೆ. ಮುಖ ನೋಡಿ ಹೇಳುತ್ತೇನೆಂದು ಬರೆದಿದ್ದೆ. ಬೆಳಿಗ್ಗೆಯಿಂದ ಬಾಯಿ ತೆರೆದಾಗಲೆಲ್ಲ ನೀನು ಪಾತ್ರೆ ಹಿಡಿದು ಓಡಾಡುತ್ತಿದ್ದೆ, ನಾನು ದರ್ಭೆ ಎಲ್ಲಿ ಎಂದು ಕೇಳಿಬಿಡುತ್ತಿದ್ದೆ. ಇದು ನನ್ನ ಕೈಲಾಗದ ಕೆಲಸ, ಕಾಗದವೇ ವಾಸಿ.

ಹೋದ ವರ್ಷ ಅಮ್ಮ ಹಸಿದುಕೊಂಡು ಹೋಗಲಿಲ್ಲ. ಹೊಟ್ಟೆ ತುಂಬ ಉಂಡು ಹೋದಳು. ಉಣ್ಣದೆ ಎದ್ದುಹೋದವನು ನಾನು. ನಿನಗೆ ಆ ಮಾತು ಆಡಬಾರದಿತ್ತು.

ಇವತ್ತಿನ ಅಡುಗೆಯ ಬಗ್ಗೆ ಏನೂ ಹೇಳುವುದಿಲ್ಲ. ಹೇಳಬಾರದು. ಗೆಣಸಿನ ಪಲ್ಯ ಮೂರು ಸಲ ಹಾಕಿಸಿಕೊಂಡದ್ದನ್ನು ನೀನು ನೋಡಿದ್ದೀಯ.

ಇನ್ನೊಂದು. ಆಚಾರ್ಯರಿಗೂ ಇದನ್ನು ಹೇಳಿಲ್ಲ. ಕೊನೆಯಲ್ಲಿ ಬಂದ ಮೂವರನ್ನೂ ಕಳಿಸಿಕೊಡಬೇಕು, ಅದಕ್ಕೆ ಮಂತ್ರವಿದೆ. ಮುತ್ತಜ್ಜಿಗೆ ಹೋಗಿ ಬನ್ನಿ ಎಂದೆ. ಅಜ್ಜಿಗೆ ಹೋಗಿ ಬನ್ನಿ ಎಂದೆ. ಅಮ್ಮನ ಸರದಿ ಬಂದಾಗ ಬಾಯಿ ಮಂತ್ರ ಹೇಳಿತು, ಮನಸ್ಸು ಹೇಳಲಿಲ್ಲ. ಅತ್ತೆಯರ ಹಿಂದೆಯೇ ಹೊರಡಬೇಡ, ಮಗಳ ಮನೆಯಲ್ಲಿ ಇನ್ನೊಂದು ದಿನ ಇದ್ದು ಹೋಗು ಎಂದುಬಿಟ್ಟೆ. ಇದಕ್ಕೆ ಯಾವ ಶಾಸ್ತ್ರದಲ್ಲೂ ಆಧಾರವಿಲ್ಲ. ನೀನು ಲೈಬ್ರರಿಗೆ ಹೋಗಿ ಹುಡುಕಬೇಡ.

ನಾಳೆ ಬೆಳಿಗ್ಗೆ ತರ್ಪಣ ಮುಗಿಸಿ ಊಟದ ಹೊತ್ತಿಗೆ ಬರುತ್ತೇನೆ. ಬಡಿಸುವ ಕೆಲಸ ನನ್ನದು. ನೀನೂ ಮೈಥಿಲಿಯೂ ಕೂತುಕೊಳ್ಳಿ.

ಅಜ್ಜಿ, ಮುತ್ತಜ್ಜಿ ಇಬ್ಬರೂ ಹೊರಟುಹೋಗಿದ್ದಾರೆ, ನಿರು. ಮನೆಯಲ್ಲಿ ಈಗ ಅಮ್ಮ ಒಬ್ಬಳೇ ಇದ್ದಾಳೆ. ಏನು ಬೇಕು ಅಂತ ಅವಳನ್ನೇ ಕೇಳಿ ಮಾಡು.

ನಿನ್ನ ಅಣ್ಣ
ಆನಂದ